ಒಂದು ಸೇರಿಗೆ ಎಷ್ಟು

ಕಿಲೋ ಬಂದ ವರ್ಷ ನನಗೆ ಇಪ್ಪತ್ತೊಂದು.
ಚಿಂತಾಮಣಿಯ ತೂಕ ಅಳತೆ ಕಚೇರಿಯಲ್ಲಿ
ಸೀಸ ಕಾಸಿ ಮೊಹರು ಒತ್ತುವ ಕೆಲಸ.
ಆ ವಾಸನೆ ಇನ್ನೂ ಉಗುರಲ್ಲಿದೆ ಅಂತ
ಮನೆಯವಳು ಹೇಳುತ್ತಾಳೆ. ಇರಲಿಕ್ಕಿಲ್ಲ.

ಸಾಹೇಬರು ಕರೆದರು:
ಸೇರು ಅಳೆಯುವುದು ಹೊಟ್ಟೆಯನ್ನು, ಕಿಲೋ ಭಾರವನ್ನು.
ನಡುವೆ ಒಂದು ಅಂಕಿ ಬೇಕಯ್ಯ, ಸಾಮಾನಿಗೊಂದು.
ಪಟ್ಟಿ ಮಾಡು.

ಕಚೇರಿಯಲ್ಲಿ ಬಿಳಿಯರ ಕಾಲದ ಪುಸ್ತಕ ಇತ್ತು,
ಘನ ಅಡಿಗೆ ಎಷ್ಟು ಪೌಂಡು ಅಂತ.
ಹದಿನಾರರಿಂದ ಗುಣಿಸಿದರೆ
ಘನ ಮೀಟರಿಗೆ ಎಷ್ಟು ಕಿಲೋ ಅಂತ ಸಿಗುತ್ತದೆ, ಸುಮಾರಾಗಿ.
ಗೋಧಿ ಇತ್ತು, ಬಾರ್ಲಿ ಇತ್ತು,
ಕಲ್ಲಿದ್ದಲು, ಓಕ್ ಮರದ ತೊಗಟೆ.
ರಾಗಿ ಇರಲಿಲ್ಲ.

ತಾಮ್ರದ ಸೇರು, ತಕ್ಕಡಿ ಹೊತ್ತು ಪೇಟೆಗೆ ಹೋದೆ.
ಹುರುಳಿ: ಒಂಬೈನೂರು ಚಿಲ್ಲರೆ ಗ್ರಾಂ.
ಎಳ್ಳು: ಆರುನೂರ ನಲವತ್ತು.
ರಾಗಿ: ಎಂಟುನೂರ ನಲವತ್ತು.
ಸಂಜೆ ಮತ್ತೆ ಅದೇ ಚೀಲ, ಅದೇ ಸೇರು:
ಎಂಟುನೂರ ಎಪ್ಪತ್ತು.
ಬೆಳಿಗ್ಗೆ ಸುರಿದದ್ದು ಮಂಡಿಯ ಆವುಲಪ್ಪ,
ಮೇಲಿಂದ, ಮೆಲ್ಲಗೆ, ಕಾಳಿಗೆ ಕಾಳು ತಾಗದ ಹಾಗೆ.
ಸಂಜೆ ನಾನೇ ತುಂಬಿ
ಎರಡು ಸಲ ನೆಲಕ್ಕೆ ಕುಕ್ಕಿದ್ದೆ.

ಕಡೆಗೆ ಪುರಿಭಟ್ಟಿ ಪಿಳ್ಳಮ್ಮ.
ಒಂದು ಸೇರು ಪುರಿ: ತೊಂಬತ್ತು ಗ್ರಾಂ.
ಮುಳ್ಳು ಅಲ್ಲಾಡಲೋ ಬೇಡವೋ ಅಂದಿತು.
ಸೇರು ಕಿತ್ತುಕೊಂಡು ಭಟ್ಟಿಯ ಮರಳು ತುಂಬಿದಳು:
ಒಂದೂ ಮುಕ್ಕಾಲು ಕಿಲೋ.
"ಎಲ್ಡೂ ಒಂದೇ ಬಾಂಡ್ಲೀಲಿ ಕುಣಿಯೋವು ಮಗಾ,
ಜರಡಿ ಹಿಡಿದ್ರೆ ತಾನೆ ಯಾರು ಏನು ಅಂತ."

ಸೇರು ಹೋದರೆ ಬೇಜಾರಿಲ್ಲವಾ ಅಂದೆ.
ಆಗ ಊರಿಗೆ ಊರೇ ಬೇಜಾರು ಪಡುತ್ತಿತ್ತು,
ಮಾತಿಗೆ ಕೇಳಿದೆ.
ಅವಳು ಏಣಿ ಹತ್ತಿ
ಅಟ್ಟದಿಂದ ಎರಡು ಕೊಳಗ ಇಳಿಸಿದಳು.
ಒಂದೇ ಬಸಿರಿನವು ಅನ್ನಬೇಕು, ಹಾಗಿದ್ದವು.
"ಇದು ಸಾವ್ಕಾರ್ರು ರಾಗಿ ಕೊಡೋ ಕೊಳಗ.
ಇದು ಇಸ್ಕೊಳ್ಳೋ ಕೊಳಗ.
ಅವ್ರ ಮನೆ ಹರಾಜಲ್ಲಿ ಹಳೇ ಪಾತ್ರೆ ಲೆಕ್ಕಕ್ಕೆ ತಂದೆ."

ಮೊದಲನೆಯದನ್ನು ನೀರಿಂದ ತುಂಬಿ
ಎರಡನೆಯದಕ್ಕೆ ಸುರಿದೆವು.
ನೀರು ಮೇಲಕ್ಕೆ ಬಂತು, ಬಂತು,
ಕಂಠಕ್ಕೆ ನಾಲ್ಕು ಬೆರಳು ಇರುವಾಗ ಮುಗಿಯಿತು.
"ಆ ನಾಲ್ಕು ಬೆಳ್ಳಲ್ಲಿ ನಮ್ಮವ್ವನ ಓಲೆ ಐತೆ.
ಬಗ್ಗಿ ನೋಡು.
ನಿನ್ ಕಿಲೋನ ಕುಕ್ಕಿದ್ರೆ ಕುಗ್ಗಲ್ಲ ಅಂತಾರಲ್ಲ, ನಿಜವಾ?"

ನಿಜ ಅಂದೆ. ಆಮೇಲೆ, ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತಿದವರನ್ನು
ನಾನೇ ಎಷ್ಟು ಸಲ ಹಿಡಿದೆನೋ.

ಪಟ್ಟಿಯ ತಲೆಯಲ್ಲಿ ನೀರು ಬರೆಯಬೇಕಿತ್ತು.
ಪುಸ್ತಕದಲ್ಲಿ ಅರವತ್ತೆರಡೂವರೆ ಪೌಂಡು.
ಅರವತ್ತೆರಡೂವರೆ ಹದಿನಾರಲ ಸಾವಿರ,
ಮಗ್ಗಿಯಷ್ಟು ಸಲೀಸು.
ಸಾವಿರ, ಅಂದರೆ ಲೀಟರಿಗೆ ಒಂದು ಕಿಲೋ. ಒಂದು.
ಮಿಕ್ಕಿದ್ದೆಲ್ಲ ಅದಕ್ಕಿಂತ ಹೆಚ್ಚು, ಇಲ್ಲ ಕಮ್ಮಿ.
"ಯಾವ ಬಾವೀದು?" ಅಂದಳು ಪಿಳ್ಳಮ್ಮ.
ಬೇಳೆ ಬೇಯುವ ಬಾವಿಯದೂ ಬೇಯದ ಬಾವಿಯದೂ
ಎರಡೂ ತೂಗಿದೆ.
ತಕ್ಕಡಿಗೆ ಗೊತ್ತಾಗಲಿಲ್ಲ.
ಸೌದೆಗೆ ಗೊತ್ತು ಅಂದಳು.

ಪಟ್ಟಿ ಕೊಟ್ಟೆ.
ನೀರಿನ ಮುಂದೆ ಒಂದು.
ಪುರಿಯ ಸಾಲನ್ನು ಸಾಹೇಬರು ನಕ್ಕು ಹೊಡೆದು ಹಾಕಿದರು.
ರಾಗಿಯ ಮುಂದೆ ಪೆನ್ಸಿಲಿನಲ್ಲಿ ಎರಡು ಅಂಕಿ ಬಿಟ್ಟಿದ್ದೆ,
ಬೆಳಿಗ್ಗೆಯದು, ಸಂಜೆಯದು.
ಅವರು ಕೂಡಿಸಿದರು, ಎರಡರಿಂದ ಭಾಗಿಸಿದರು,
ಕೆಂಪು ಮಸಿಯಲ್ಲಿ ಎಂಟುನೂರ ಐವತ್ತೈದು ಬರೆದು
ರುಜು ಹಾಕಿದರು.

ಹಳೇ ಕರಾರು, ಗುತ್ತಿಗೆ, ಕೋರ್ಟಿನ ಬಾಕಿ
ಎಲ್ಲ ಆ ಅಂಕಿಯ ಮೇಲೆ ತೀರಿದವು.
ಮೂವತ್ತಾರು ವರ್ಷ ಸಂತೆಸಂತೆ ಸುತ್ತಿದೆ,
ಕಂಡಕಂಡ ಚೀಲಕ್ಕೆ ಸೇರು ಅದ್ದಿ ನೋಡಿದೆ.
ಎಂಟುನೂರ ಐವತ್ತೈದು ತೂಗಿದ ರಾಗಿ
ಒಂದು ಸಲವೂ ಸಿಗಲಿಲ್ಲ.